ರ‍್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಏಳದಿದ್ದರೆ

ನಮ್ಮ ಕುಂದಾಪುರ ಸೀಮೆಯಲ್ಲಿ ಪಾಗಾರಕ್ಕೆ ಮೊಣಕೈ ಊರಿ ನಿಂತವರ ಮಾತಿಗೆ ವಿಷಯದ ಬರ ಬಂದದ್ದಿಲ್ಲ. ಬಂಗುಡೆಗೆ ಎಷ್ಟಾಯಿತು, ಕಾಯಿ ರೇಟು ಏರಿತೋ ಇಳಿಯಿತೋ, ಇವತ್ತು ರಾತ್ರಿ ಆಟ ಎಲ್ಲಿ, ಪ್ರಸಂಗ ಯಾವುದು. ಇಷ್ಟು ಮುಗಿಯುವುದರೊಳಗೆ ಒಲೆಯ ಮೇಲಿನ ಸಾರು ಕುದಿದು ಆರಿರುತ್ತದೆ. ಈಚೆಗೆ ಆ ಸಾಲಿಗೆ ಲ್ಯಾಪ್‌ಟಾಪಿನ ರ‍್ಯಾಮೂ ಸೇರಿಕೊಂಡಿದೆ. ಎಷ್ಟು ಜಿಬಿ ಹಾಕಿಸಿದಿರಿ, ಎಲ್ಲಿ ಸಿಕ್ಕಿತು, ಹಾಕಿಸಿದ ಮೇಲೆ ಎಂತ ಆಯಿತು ಎಂಬ ಮಾತು ಬೈಂದೂರಿನ ಯಡ್ತರೆಯಲ್ಲೂ ಬ್ರಹ್ಮಾವರದ ಆಕಾಶವಾಣಿ ಸ್ಟಾಪಿನಲ್ಲೂ ಕಿವಿಗೆ ಬೀಳುತ್ತದೆ.

ಅದಕ್ಕೆ ಕಾರಣ ಇದೆ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆಂದು, ಮನೆಯಿಂದಲೇ ಆಫೀಸ್ ಕೆಲಸಕ್ಕೆಂದು ನಮ್ಮ ಮನೆಗಳಿಗೆ ಬಂದ ಲ್ಯಾಪ್‌ಟಾಪುಗಳಿಗೆ ಈಗ ವಯಸ್ಸಾಗಿದೆ. ಆಗ 4 ಜಿಬಿ ಸಾಕು ಎಂದು ಕೊಂಡವರೇ ಹೆಚ್ಚು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಹೊಸದು ಕೊಳ್ಳುವುದೋ ಇದ್ದದ್ದನ್ನೇ ಸರಿಮಾಡಿಕೊಳ್ಳುವುದೋ ಎಂಬ ಲೆಕ್ಕಾಚಾರ ಪ್ರತಿ ಮನೆಯಲ್ಲೂ ನಡೆಯುತ್ತಿರುವಾಗಲೇ ರ‍್ಯಾಮಿನ ಬೆಲೆ ಏರತೊಡಗಿತು. ಜಗತ್ತಿನ ಮೆಮೊರಿ ಚಿಪ್ಪಿನ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಅವರ ಮಾಲನ್ನು ಬಾಚಿಕೊಳ್ಳುತ್ತಿವೆ. ಮನೆಬಳಕೆಯವರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನು ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಹೇಳಿತು. ಅಮೆರಿಕದಲ್ಲೋ ಕೊರಿಯಾದಲ್ಲೋ ಆದ ತೀರ್ಮಾನದ ಬಿಸಿ ಶಾಸ್ತ್ರಿ ಸರ್ಕಲ್ಲಿನ ಅಂಗಡಿಯವರೆಗೂ ತಟ್ಟುತ್ತದೆ. ಹಾಗಾಗಿ ಇಷ್ಟು ದುಡ್ಡು ಕೊಟ್ಟು ತಂದ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಮನೆಯವರ ಎದೆ ಧಸಕ್ಕೆನ್ನುವುದು ಸಹಜ.

ಆಚೆಮನೆಯ ಮಾಸ್ಟ್ರಿಗೆ ಆದದ್ದೂ ಅದೇ. ನಿವೃತ್ತರಾದ ಮೇಲೆ ಹಳೆಯ ಯಕ್ಷಗಾನ ಪ್ರಸಂಗಗಳನ್ನು ಕೂತು ಟೈಪ್ ಮಾಡುವವರು. ಮೊಮ್ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೊನ್ನೆ ಪಾಗಾರದ ಆಚೆಯಿಂದ ಕರೆದರು.

“ಹ್ವಾಯ್, ಒಂಚೂರ್ ಬನ್ನಿ ಕಾಂಬ. ನಮ್ಮ್ ಮಾಣಿ ಲ್ಯಾಪ್‌ಟಾಪಿಗೆ ಹೊಸ ರ‍್ಯಾಮ್ ಹಾಕ್ದ. ಈಗ ಸ್ಕ್ರೀನೇ ಬತ್ತಿಲ್ಲ. ಎಲ್ಲ ಹೋಯ್ತಾ ಹೇಂಗೆ?”

“ಎಂತದೂ ಹೋಯ್ಲಿಲ್ಲ ಮಾಸ್ಟ್ರೆ. ಹಳೇ ರ‍್ಯಾಮ್ ಬಿಸಾಡ್ಲಿಲ್ಲ ಅಲ್ದಾ?”

“ಇತ್ತ್. ಡಬ್ಬಿಯಲ್ಲಿ ಇಟ್ಕಂಡಿದ್ದ.”

“ಹಾಂಗಾರೆ ಹೆದ್ರುದ್ ಬ್ಯಾಡ.”

ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು. ರ‍್ಯಾಮ್ ಬದಲಿಸಿದ ಕೂಡಲೇ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರ ಕೆಟ್ಟದ್ದರಿಂದ ಬರುವುದಿಲ್ಲ. ರ‍್ಯಾಮಿನ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ, ಅಥವಾ ಜಾತಿ ಹೊಂದಿರುವುದಿಲ್ಲ, ಅಥವಾ ನಾವು ಸಾಕಷ್ಟು ಹೊತ್ತು ಕಾದಿರುವುದಿಲ್ಲ. ಒಂದೊಂದನ್ನೇ ನೋಡುತ್ತ ಹೋದರೆ ಕಾರಣ ಸಿಕ್ಕೇ ಸಿಗುತ್ತದೆ. ನನಗೆ ಈ ವಿಷಯದಲ್ಲಿ ಹೇಳಬೇಕು ಅನಿಸುವುದೂ ಅಷ್ಟೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ಮೊದಲು ಕೂರಿಸುವ ವಿಚಾರ. ಲ್ಯಾಪ್‌ಟಾಪಿನ ರ‍್ಯಾಮ್ ಸ್ಲಾಟಿನೊಳಗೆ ನೇರವಾಗಿ ಹೋಗುವುದಿಲ್ಲ. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಒಳಗೆ ತಳ್ಳಬೇಕು, ಆಮೇಲೆ ಕೆಳಕ್ಕೆ ಒತ್ತಬೇಕು. ಎರಡೂ ಬದಿಯ ಲೋಹದ ಕೊಂಡಿಗಳು ಟಕ್ ಎಂದು ಹಿಡಿದುಕೊಳ್ಳಬೇಕು. ಎಷ್ಟೋ ಜನ ಮುರಿದೀತೆಂಬ ಭಯಕ್ಕೆ ಮೆಲ್ಲಗೆ ತಳ್ಳಿ ಬಿಡುತ್ತಾರೆ. ಕೊಂಡಿ ಹಿಡಿದಂತೆ ಕಾಣುತ್ತದೆ, ಆದರೆ ಚಿನ್ನದ ಬಣ್ಣದ ಹಲ್ಲುಗಳು ಇನ್ನೂ ಒಂದು ಕೂದಲೆಳೆಯಷ್ಟು ಹೊರಗಿರುತ್ತವೆ. ಅಷ್ಟು ಸಾಕು, ಯಂತ್ರ ಏಳುವುದಿಲ್ಲ. ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತದೆ, ಕೆಲವು ಯಂತ್ರಗಳು ಬೀಪ್ ಬೀಪ್ ಎಂದು ಕೂಗುತ್ತವೆ, ಕೆಲವು ಫ್ಯಾನ್ ತಿರುಗಿಸಿ ಸುಮ್ಮನಾಗುತ್ತವೆ. ಮಿಣುಕಿನ ಮತ್ತು ಬೀಪಿನ ಲೆಕ್ಕಕ್ಕೆ ಅರ್ಥ ಇರುತ್ತದೆ. ಎಷ್ಟು ಸಲ ಮಿಣುಕಿತು, ಎಷ್ಟು ಸಲ ಕೂಗಿತು ಎಂದು ಬರೆದುಕೊಂಡು ಆ ಮಾದರಿಯ ಕೈಪಿಡಿಯಲ್ಲಿ ನೋಡಿದರೆ ಮೆಮೊರಿಯ ದೂರೋ ಬೇರೆಯದರದ್ದೋ ಎಂದು ಗೊತ್ತಾಗುತ್ತದೆ.

ಕೈ ಹಾಕುವ ಮುಂಚೆ ಚಾರ್ಜರ್ ತೆಗೆದಿರಬೇಕು. ಬ್ಯಾಟರಿ ಹೊರಬರುವಂಥದ್ದಾದರೆ ಅದನ್ನು ತೆಗೆಯಬೇಕು, ಒಳಗಿದ್ದರೆ ಅದರ ಕನೆಕ್ಟರ್ ಬಿಡಿಸಬೇಕು. ಆಮೇಲೆ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಚಾರ್ಜ್ ಹೋಗುತ್ತದೆ. ಕರೆಂಟ್ ಇರುವಾಗಲೇ ರ‍್ಯಾಮ್ ಎಳೆದರೆ ಪಟ್ಟಿಯ ಜತೆಗೆ ಬೋರ್ಡೂ ಹೋಗಬಹುದು. ಇನ್ನೊಂದು ಮಾತು ಹಲವರಿಗೆ ತಿಳಿದಿಲ್ಲ. ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ ಮತ್ತೆ ಹಾಕಿದ ಮೇಲೆ ಕೆಲವು ಯಂತ್ರಗಳು ಚಾರ್ಜರ್ ಚುಚ್ಚುವ ತನಕ ಪವರ್ ಬಟನ್ನಿಗೆ ಓಗೊಡುವುದೇ ಇಲ್ಲ. ಬ್ಯಾಟರಿಯಲ್ಲಿ ಚಾರ್ಜ್ ತುಂಬಿದ್ದರೂ ಅಷ್ಟೇ. ಚಾರ್ಜರ್ ಹಾಕಿದೊಡನೆ ಏಳುತ್ತವೆ.

ಕಾಯುವ ವಿಚಾರ ಇನ್ನೂ ಮುಖ್ಯ. ಹೊಸ ರ‍್ಯಾಮ್ ಕಂಡಾಗ ಯಂತ್ರ ಅದರ ವೇಗ, ಸಮಯ, ವೋಲ್ಟೇಜ್ ಎಲ್ಲವನ್ನೂ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಡಿಡಿಆರ್ 5 ಯಂತ್ರಗಳಲ್ಲಿ ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಕಪ್ಪು. ನಮ್ಮವರು ಅರ್ಧ ನಿಮಿಷಕ್ಕೇ ಬಟನ್ ಒತ್ತಿ ಆರಿಸುತ್ತಾರೆ, ಮತ್ತೆ ಹಾಕುತ್ತಾರೆ, ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಚಾರ್ಜರ್ ಹಾಕಿ, ಆನ್ ಮಾಡಿ, ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಆಗಲೂ ಬಾರದಿದ್ದರೆ ಮಾತ್ರ ಬಿಚ್ಚಿ.

ಇಷ್ಟಾದರೂ ಏಳಲಿಲ್ಲ ಎಂದರೆ ಹಳೆಯ ರ‍್ಯಾಮ್ ಬೇಕಾಗುವುದು ಈಗ. ಹೊಸದನ್ನು ತೆಗೆದು ಹಳೆಯದನ್ನು ಅದೇ ಸ್ಲಾಟಿಗೆ ಹಾಕಿ. ಎದ್ದರೆ ಬೋರ್ಡ್ ಸರಿಯಿದೆ, ಸ್ಲಾಟ್ ಸರಿಯಿದೆ, ತಕರಾರು ಹೊಸ ಪಟ್ಟಿಯದ್ದು. ಏಳದಿದ್ದರೆ ಎರಡನೆಯ ಸ್ಲಾಟಿನಲ್ಲಿ ನೋಡಿ. ಅಲ್ಲಿ ಎದ್ದರೆ ಮೊದಲ ಸ್ಲಾಟನ್ನು ಶುಚಿ ಮಾಡಬೇಕು ಎಂದಾಯಿತು. ಎರಡು ಪಟ್ಟಿ, ಎರಡು ಸ್ಲಾಟು ಇದ್ದರೆ ನಾಲ್ಕು ಜೋಡಣೆಯಷ್ಟೇ. ಕಾಗದದಲ್ಲಿ ನಾಲ್ಕು ಗೆರೆ ಎಳೆದು ಗುರುತು ಹಾಕಿಕೊಂಡರೆ ಕಳ್ಳ ಯಾರೆಂದು ತಾನೇ ಹೊರಬೀಳುತ್ತದೆ. ಮಾಸ್ಟ್ರ ಮೊಮ್ಮಗನ ಹತ್ತಿರ ಹೀಗೇ ಮಾಡಿಸಿದೆವು. ಹಳೆಯದಕ್ಕೆ ಯಂತ್ರ ಎರಡೂ ಸ್ಲಾಟಿನಲ್ಲಿ ಎದ್ದಿತು, ಹೊಸದಕ್ಕೆ ಎಲ್ಲೂ ಏಳಲಿಲ್ಲ.

“ಹಾಂಗಾರೆ ಹೊಸದೇ ಹಾಳಾ?” ಮಾಸ್ಟ್ರು ಕೇಳಿದರು.

“ಹಾಳು ಅಂದೇಳಿ ಈಗಳಿಕೆ ಹೇಳುಕಾತಿಲ್ಲ. ಅದರ ಮೇಲಿನ ಚೀಟಿ ಓದ್ವ.”

ಚೀಟಿಯಲ್ಲಿ ಎಲ್ಲ ಇರುತ್ತದೆ. ಅವರ ಯಂತ್ರ ಹಳೆಯದು, 1.35 ವೋಲ್ಟಿನ ಡಿಡಿಆರ್ 3ಎಲ್ ಮಾತ್ರ ಒಪ್ಪುವಂಥದ್ದು. ತಂದದ್ದು 1.5 ವೋಲ್ಟಿನ ಸಾದಾ ಡಿಡಿಆರ್ 3. ಎರಡಕ್ಕೂ 204 ಪಿನ್ನು, ಎರಡರಲ್ಲೂ ಸೀಳು ಒಂದೇ ಜಾಗದಲ್ಲಿ. ಆದ್ದರಿಂದ ಸಲೀಸಾಗಿ ಕೂರುತ್ತದೆ, ಕೊಂಡಿಯೂ ಹಿಡಿಯುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಒಂದು ‘ಎಲ್’ ಅಕ್ಷರದ ವ್ಯತ್ಯಾಸ. ಬದಲಿಸಿ ತಂದ ಮೇಲೆ ಎಲ್ಲ ಸರಿಯಾಯಿತು.

ಮುಂದಿನ ತಲೆಮಾರಿನವುಗಳಲ್ಲಿ ಈ ಅಪಾಯ ಕಡಿಮೆ. ಲ್ಯಾಪ್‌ಟಾಪಿನ ಡಿಡಿಆರ್ 4ಕ್ಕೆ 260 ಪಿನ್ನು, 1.2 ವೋಲ್ಟು. ಡಿಡಿಆರ್ 5ಕ್ಕೆ 262 ಪಿನ್ನು, 1.1 ವೋಲ್ಟು. ಸೀಳಿನ ಜಾಗ ಬೇರೆಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಹೋಗುವುದೇ ಇಲ್ಲ. ಹೋಗುವುದಿಲ್ಲ ಎಂದರೆ ಬಲ ಹಾಕಬಾರದು, ಅಷ್ಟೇ. ಇನ್ನು ತೆಳ್ಳಗಿನ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಸ್ಲಾಟೇ ಇಲ್ಲ. ಕೆಲವಕ್ಕೆ ಅರ್ಧ ಬೆಸುಗೆ, ಅರ್ಧ ಸ್ಲಾಟು. ತಿಳಿಯಲು ಬಿಚ್ಚಬೇಕಿಲ್ಲ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ಎಂದು ಹೋದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ, ವೇಗ ಎಷ್ಟು ಎಂದು ಬರುತ್ತದೆ. ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ಬದಲಿಸಬಹುದಾದ ಪಟ್ಟಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಸಾಮಾನ್ಯವಾಗಿ ಬೆಸುಗೆ ಹಾಕಿದ್ದು. ಇಷ್ಟು ನೋಡಿಕೊಂಡು, ಹಳೆಯ ಪಟ್ಟಿಯ ಚೀಟಿಯ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದರೆ ಬೈಂದೂರಿನಿಂದ ಉಡುಪಿಗೆ ಎರಡೆರಡು ಸಲ ಬಸ್ ಹತ್ತುವುದು ತಪ್ಪುತ್ತದೆ.

ನಮ್ಮ ಮಾತು ಕೇಳಿ ಹಿತ್ತಿಲಿನ ಆಚೆಯ ಅಕ್ಕನೂ ಪಾಗಾರದ ಬಳಿ ಬಂದರು. ಅವರ ಮಗಳ ದೂರು ಬೇರೆ. ಯಂತ್ರ ಏಳುತ್ತದೆ, ಆದರೆ 16 ಜಿಬಿ ಹಾಕಿಸಿದ್ದು ಪೂರ್ತಿ ಕಾಣುತ್ತಿಲ್ಲ.

“ಅಂಗಡಿಯರ್ ಮೋಸ ಮಾಡಿರಾ ಅಂದೇಳಿ ನಂಗ್ ಹೆದ್ರಿಕೆ” ಎಂದರು.

ಮೋಸ ಎನ್ನುವ ಮುಂಚೆ ನೋಡಬೇಕಾದ್ದು ಕೆಲವು ಇವೆ. ಮೊದಲು ಬಯೋಸ್, ಎಂದರೆ ವಿಂಡೋಸಿಗೂ ಮುಂಚೆ ತೆರೆಯುವ ಸೆಟಪ್ ಪರದೆ, ತೆರೆದು ಅಲ್ಲಿ ಎಷ್ಟು ಕಾಣುತ್ತದೆ ನೋಡಿ. ಅಲ್ಲೇ ಅರ್ಧ ಕಂಡರೆ ಒಂದು ಪಟ್ಟಿ ಸರಿಯಾಗಿ ಕೂತಿಲ್ಲ, ಅಥವಾ ಆ ಯಂತ್ರದ ಗರಿಷ್ಠ ಮಿತಿಯೇ ಅಷ್ಟು. ಬಯೋಸಿನಲ್ಲಿ ಪೂರ್ತಿ ಕಂಡು ವಿಂಡೋಸಿನಲ್ಲಿ ಕಡಿಮೆ ಕಂಡರೆ ಸಮಸ್ಯೆ ಸಾಫ್ಟ್‌ವೇರಿನದ್ದು. 32 ಬಿಟ್ಟಿನ ವಿಂಡೋಸ್ ಇದ್ದರೆ ಎಷ್ಟು ಹಾಕಿದರೂ 4 ಜಿಬಿಯ ಮೇಲೆ ಬಳಸುವುದಿಲ್ಲ. 64 ಬಿಟ್ಟಿನದನ್ನು ಹಾಕಿಕೊಳ್ಳಲೇಬೇಕು. ಎಂಎಸ್‌ಕಾನ್ಫಿಗ್ ಎಂಬುದರೊಳಗೆ ಬೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ಎಂದು ಹೋದರೆ ‘ಮ್ಯಾಕ್ಸಿಮಮ್ ಮೆಮೊರಿ’ ಎಂಬ ಚೌಕ ಇರುತ್ತದೆ. ಅದಕ್ಕೆ ಯಾರೋ ಗುರುತು ಹಾಕಿಟ್ಟಿದ್ದರೆ ತೆಗೆಯಬೇಕು. ಇನ್ನು 16ರಲ್ಲಿ ಹದಿನೈದು ಚಿಲ್ಲರೆ ಮಾತ್ರ ಬಳಕೆಗೆ ಸಿಗುತ್ತದೆ ಎಂದು ತೋರಿಸಿದರೆ ಅದು ದೋಷವೇ ಅಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. ಅಕ್ಕನ ಮಗಳ ಯಂತ್ರದಲ್ಲಿ ಆದದ್ದು ಅದೇ. ಅಂಗಡಿಯವರು ಸರಿಯಾದ ಮಾಲನ್ನೇ ಕೊಟ್ಟಿದ್ದರು.

ಎಲ್ಲಕ್ಕಿಂತ ಕಷ್ಟದ ದೂರು ಮೂರನೆಯದು. ಯಂತ್ರ ಏಳುತ್ತದೆ, ಲೆಕ್ಕವೂ ಪೂರ್ತಿ ಕಾಣುತ್ತದೆ, ಆದರೆ ನಡುನಡುವೆ ನೀಲಿ ಪರದೆ ಬರುತ್ತದೆ, ಬ್ರೌಸರ್ ತಾನೇ ಮುಚ್ಚುತ್ತದೆ, ಕಾಪಿ ಮಾಡಿದ ಜಿಪ್ ಫೈಲ್ ತೆರೆಯುವುದಿಲ್ಲ. ಮರವಂತೆ, ಉಪ್ಪುಂದದ ಕಡೆ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗರು ಇದನ್ನು ಹೇಳಿಕೊಂಡು ಬರುತ್ತಾರೆ. ಇಡೀ ರಾತ್ರಿ ರೆಂಡರಿಂಗಿಗೆ ಇಟ್ಟದ್ದು ಬೆಳಗಿನ ಜಾವಕ್ಕೆ ನಿಂತುಹೋಗಿರುತ್ತದೆ.

ಇದು ಏಕೆ ಆಗುತ್ತದೆಂದು ತಿಳಿಯಲು ರ‍್ಯಾಮಿನ ಒಳಗೆ ಏನು ನಡೆಯುತ್ತದೆಂದು ತಿಳಿದಿರಬೇಕು. ಐಬಿಎಂನ ರಾಬರ್ಟ್ ಡೆನಾರ್ಡ್ ಕಂಡುಹಿಡಿದು 1968ರಲ್ಲಿ ಪೇಟೆಂಟ್ ಪಡೆದ ಕ್ರಮವನ್ನೇ ಜಗತ್ತು ಇಂದಿಗೂ ಬಳಸುತ್ತಿದೆ. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅದರಲ್ಲಿ ಒಂದಿಷ್ಟು ಚಾರ್ಜ್. ಚಾರ್ಜ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ಚಾರ್ಜ್ ಸೋರಿಹೋಗುತ್ತಲೇ ಇರುತ್ತದೆ. ಅದಕ್ಕಾಗಿ ಡಿಡಿಆರ್ 4 ರ‍್ಯಾಮಿನಲ್ಲಿ ಪ್ರತಿಯೊಂದು ಕೋಶವನ್ನೂ 64 ಮಿಲಿಸೆಕೆಂಡಿಗೆ ಒಮ್ಮೆ, ಎಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ, ಮತ್ತೆ ತುಂಬಿಸುತ್ತಿರಬೇಕು. 8 ಜಿಬಿಯ ಪಟ್ಟಿಯಲ್ಲಿ ಇಂಥ ಕೋಶಗಳು ಸುಮಾರು 6,871 ಕೋಟಿ. ಅಷ್ಟರಲ್ಲಿ ಒಂದೇ ಒಂದು ತಪ್ಪು ಹೇಳಿದರೂ ಮದುವೆ ವಿಡಿಯೋ ಕೆಡಬಹುದು, ಬ್ಯಾಂಕಿನ ಲೆಕ್ಕ ತಪ್ಪಬಹುದು. ಬೆರಳುಗಲದ ಪಟ್ಟಿಯೊಂದು ಇಷ್ಟನ್ನು ವರ್ಷಾನುಗಟ್ಟಲೆ ತಪ್ಪದೆ ಮಾಡಿಕೊಂಡು ಬರುವುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ, ಅದನ್ನು ಮಾಡಿದ ಕೈಗಳ ಬಗ್ಗೆ ಗೌರವ ಹುಟ್ಟುತ್ತದೆ.

ಹಾಗಾಗಿ ಸಂಶಯ ಬಂದರೆ ಪರೀಕ್ಷೆ ಮಾಡಲೇಬೇಕು. ವಿಂಡೋಸಿನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಎಂಬುದಿದೆ, ಮೊದಲ ನೋಟಕ್ಕೆ ಸಾಕು. ಗಟ್ಟಿ ಪರೀಕ್ಷೆಗೆ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ಸನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರವನ್ನು ಎಬ್ಬಿಸಬೇಕು. ಇಡೀ ರಾತ್ರಿ ಓಡಲಿ. ಒಂದು ಸುತ್ತು ಸರಿಯಾಯಿತೆಂದು ನಿಲ್ಲಿಸಬೇಡಿ. ಬಿಸಿಯಾದ ಮೇಲೆ ಮಾತ್ರ ತಪ್ಪುವ ಪಟ್ಟಿಗಳಿರುತ್ತವೆ. ಬೆಳಿಗ್ಗೆ ಎದ್ದು ನೋಡಿದಾಗ ಕೆಂಪಕ್ಷರದ ಒಂದು ಗೆರೆ ಕಂಡರೂ ಆ ಪಟ್ಟಿಯನ್ನು ನಂಬಬಾರದು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ತಪ್ಪು ತೋರಿಸಿದ್ದನ್ನು ಬಿಲ್ಲಿನ ಜತೆ ಅಂಗಡಿಗೆ ಒಯ್ಯಿರಿ. ತಯಾರಕರು ರ‍್ಯಾಮಿಗೆ ಕೊಡುವ ವಾರಂಟಿ ಸಾಮಾನ್ಯವಾಗಿ ಹಲವು ವರ್ಷಗಳದ್ದು. ಆ ಬಿಲ್ಲನ್ನು ಆರ್‌ಸಿ, ವಿಮೆಯ ಕಾಗದ ಇಡುವ ಕಪಾಟಿನಲ್ಲೇ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಕಡಲ ಬದಿಯ ಮಾತು ಹೇಳಲೇಬೇಕು. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಇರುವುದಿಲ್ಲ. ಗಂಗೊಳ್ಳಿ, ಕೋಡಿ, ತ್ರಾಸಿ, ಮರವಂತೆಯ ಗಾಳಿಯಲ್ಲಿ ಉಪ್ಪಿದೆ. ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ರ‍್ಯಾಮಿನ ಹಲ್ಲುಗಳಿಗೆ ಚಿನ್ನದ ಲೇಪ ಇದ್ದರೂ ಅದು ಬಹಳ ತೆಳು, ಸ್ಲಾಟಿನ ಪಿನ್ನುಗಳೂ ಹಾಗೆಯೇ. ಮಳೆಗಾಲದ ನಾಲ್ಕು ತಿಂಗಳು ಕಪಾಟಿನಲ್ಲಿಟ್ಟ ಲ್ಯಾಪ್‌ಟಾಪಿನೊಳಗೆ ತೇವ, ಉಪ್ಪು, ಧೂಳು ಸೇರಿ ಕಾಣದ ಪದರ ಕಟ್ಟುತ್ತದೆ. ಆ ಸ್ಲಾಟಿಗೆ ಹೊಚ್ಚಹೊಸ ರ‍್ಯಾಮ್ ಹಾಕಿದರೂ ಸಂಪರ್ಕ ಸರಿ ಬರುವುದಿಲ್ಲ. ಪಟ್ಟಿಯ ಹಲ್ಲುಗಳನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಅದ್ದಿದ ಎಳೆ ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಅದು ಸಿಗದಿದ್ದರೆ ಮೆತ್ತಗಿನ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಚೂರುಗಳನ್ನು ಪೂರ್ತಿ ಕೊಡವಿ ಹಾಕಿ. ಮರಳು ಕಾಗದ, ಚೂರಿಯ ಮೊನೆ ಮುಟ್ಟಿಸಲೇಬೇಡಿ.

ಬೆಂಗಳೂರಿನಿಂದ ರಾತ್ರಿಯ ಎ.ಸಿ. ಬಸ್ಸಿನಲ್ಲಿ ಬಂದು ಬೆಳಿಗ್ಗೆ ಇಳಿಯುವವರಿಗೆ ಕನ್ನಡಕ ಮಂಜಾಗುವುದು ಗೊತ್ತು. ಬ್ಯಾಗಿನೊಳಗೆ ತಣ್ಣಗಾಗಿರುವ ಲ್ಯಾಪ್‌ಟಾಪಿನ ಬೋರ್ಡಿನ ಮೇಲೂ ಅದೇ ತೇವ ಕೂರಬಹುದು. ಮನೆಗೆ ಬಂದ ಕೂಡಲೇ ಬಿಚ್ಚಿ ರ‍್ಯಾಮ್ ಹಾಕುವ ಅವಸರ ಬೇಡ. ಬ್ಯಾಗಿನಲ್ಲೇ ಒಂದೆರಡು ಗಂಟೆ ಬಿಟ್ಟು, ಯಂತ್ರ ಕೋಣೆಯ ಬಿಸಿಗೆ ಬಂದ ಮೇಲೆ ತೆಗೆಯಿರಿ. ನಮ್ಮ ತೇವದ ಗಾಳಿಯಿಂದ ಒಂದು ಉಪಕಾರವೂ ಇದೆ. ಒಣಹವೆಯ ಊರುಗಳಲ್ಲಿ ಮೈಯಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಇಲ್ಲಿ ಕಡಿಮೆ. ಹಾಗೆಂದು ಇಲ್ಲವೇ ಇಲ್ಲ ಅಂತಲ್ಲ. ಪಟ್ಟಿ ಮುಟ್ಟುವ ಮುಂಚೆ ಭೂಮಿಗೆ ತಾಗಿದ ಲೋಹವನ್ನೊಮ್ಮೆ ಮುಟ್ಟಿ, ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ರ‍್ಯಾಮಿನ ನೆಪದಲ್ಲಿ ಮುಚ್ಚಳ ಬಿಚ್ಚಿದಾಗ ಆಗುವ ಬೇರೆ ತೊಂದರೆಗಳೂ ಇವೆ. ವೈಫೈ ಹಿಡಿಯುತ್ತಿಲ್ಲ ಎಂದರೆ ಆಂಟೆನಾದ ತಂತಿ ಕಳಚಿರಬಹುದು. ಯಂತ್ರ ಬಿಸಿಯಾಗುತ್ತಿದೆ ಎಂದರೆ ಫ್ಯಾನಿನ ಕನೆಕ್ಟರ್ ಸಡಿಲಾಗಿರಬಹುದು. ಸ್ಕ್ರೂಗಳಲ್ಲಿ ಉದ್ದ ಗಿಡ್ಡ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಬಿಗಿದರೆ ಮೇಲಿನ ಕೀಬೋರ್ಡಿಗೋ ಟಚ್‌ಪ್ಯಾಡಿಗೋ ತಿವಿಯುತ್ತದೆ. ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿಟ್ಟುಕೊಳ್ಳುವುದೇ ಉಪಾಯ.

ಬಯೋಸ್ ಅಪ್‌ಡೇಟ್ ಮಾಡಿದರೆ ಹೊಸ ರ‍್ಯಾಮ್ ಹೊಂದುತ್ತದೆ ಎಂದು ಹೇಳುವವರಿದ್ದಾರೆ. ಕೆಲವೊಮ್ಮೆ ನಿಜ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡಲೇಬೇಕು. ಈಗಿನ ಹಲವು ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನೇ ಬಿದ್ದಿರುತ್ತದೆ. ಬಯೋಸ್ ಬದಲಾದರೆ, ರೀಸೆಟ್ ಆದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಫೋಟೋ, ಪ್ರಾಜೆಕ್ಟು, ಪ್ರಸಂಗದ ಫೈಲುಗಳು ಎಲ್ಲವೂ ಒಳಗೇ ಉಳಿಯುತ್ತವೆ. ಮಕ್ಕಳು ಡಿಗ್ರಿಯ ಕೊನೆಯ ವರ್ಷದ ಪ್ರಾಜೆಕ್ಟನ್ನು ಹೀಗೆ ಕಳೆದುಕೊಂಡು ಅಳುವುದನ್ನು ನೋಡಲಾಗುವುದಿಲ್ಲ. ಕೀಯನ್ನು ಮೊದಲೇ ನೋಡಿ, ಕಾಗದದ ಮೇಲೆ ಬರೆದಿಡಿ. ಮುಖ್ಯ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.

ಕೊನೆಗೆ, “ರ‍್ಯಾಮ್ ಹಾಕಿರೂ ಸ್ಪೀಡ್ ಆಯ್ಲಿಲ್ಲ” ಎನ್ನುವವರ ಮಾತು. ಇದು ನಮ್ಮ ಹೋಟೆಲಿನವರಿಗೆ ಬೇಗ ಅರ್ಥವಾಗುತ್ತದೆ. ರ‍್ಯಾಮು ಅಡುಗೆಯ ಕಟ್ಟೆ, ಡಿಸ್ಕು ಉಗ್ರಾಣ. ಕಟ್ಟೆ ಕಿರಿದಾಗಿ ಪಾತ್ರೆ ಇಡಲು ಜಾಗ ಸಾಲದಿದ್ದರೆ ಕಟ್ಟೆ ದೊಡ್ಡದು ಮಾಡಬೇಕು. ಕಟ್ಟೆಯಲ್ಲಿ ಜಾಗ ಖಾಲಿಯಿದ್ದು, ಉಗ್ರಾಣದಿಂದ ಸಾಮಾನು ತರುವುದೇ ತಡವಾಗುತ್ತಿದ್ದರೆ ಕಟ್ಟೆ ಬೆಳೆಸಿ ಪ್ರಯೋಜನವಿಲ್ಲ. ಆದ್ದರಿಂದ ದುಡ್ಡು ಕೊಡುವ ಮುಂಚೆ, ದಿನದ ಕೆಲಸ ಎಲ್ಲ ತೆರೆದಿಟ್ಟುಕೊಂಡಾಗ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಎಷ್ಟು ಶೇಕಡಾ ತುಂಬಿದೆ ನೋಡಿ. ತೊಂಬತ್ತರ ಹತ್ತಿರ ಇದ್ದರೆ ರ‍್ಯಾಮ್ ಬೇಕು. ಐವತ್ತರ ಆಸುಪಾಸು ಇದ್ದು, ಡಿಸ್ಕ್ ಸದಾ ನೂರು ತೋರಿಸುತ್ತಿದ್ದರೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಎಷ್ಟೋ ಮನೆಗಳಲ್ಲಿ ಮೊದಲು ಆಗಬೇಕಿದ್ದ ಕೆಲಸ ಅದು. ವಿಂಡೋಸ್ 11ಕ್ಕೆ ಹೋಗಲೆಂದೇ ರ‍್ಯಾಮ್ ಹಾಕಿಸುವವರು ಇನ್ನೊಂದನ್ನು ತಿಳಿದಿರಲಿ. ಅದಕ್ಕೆ ಪ್ರೊಸೆಸರಿನ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯ ಷರತ್ತುಗಳಿವೆ. ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು ಬೇಕು. ರ‍್ಯಾಮ್ ಎಷ್ಟು ಹಾಕಿದರೂ ಆ ಷರತ್ತು ತೀರುವುದಿಲ್ಲ.

ಕಡಿಮೆ ರ‍್ಯಾಮಿನ ಯಂತ್ರವನ್ನು ಕೀಳಾಗಿ ಕಾಣುವುದೂ ಬೇಡ. ಡಾಸ್ ಕಾಲದಲ್ಲಿ ತಂತ್ರಾಂಶಗಳಿಗೆ ನೇರವಾಗಿ ಸಿಗುತ್ತಿದ್ದುದು 640 ಕಿಲೋಬೈಟ್. ಇವತ್ತಿನ 16 ಜಿಬಿ ಅದರ ಇಪ್ಪತ್ತಾರು ಸಾವಿರ ಪಟ್ಟು. ಆ ಕಾಲದಲ್ಲೇ ನಮ್ಮ ಕರಾವಳಿಯವರೇ ಆದ ಕೆ.ಪಿ. ರಾಯರು ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶ ಮಾಡಿದರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ಮಾಸ್ಟ್ರು ಇಂದಿಗೂ ಪ್ರಸಂಗ ಟೈಪ್ ಮಾಡುವುದು. ಆ ಕೆಲಸಕ್ಕೆ 4 ಜಿಬಿಯ ಹಳೆಯ ಯಂತ್ರವೂ ಧಾರಾಳ. ಹಗುರವಾದ ಲಿನಕ್ಸ್ ಒಂದನ್ನು ಹಾಕಿಕೊಟ್ಟರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಏನೂ ಮಾಡಲಾಗದಷ್ಟು ಕೆಟ್ಟರೆ ಮಾತ್ರ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಗಂಟಿಗಳು ಮೇಯುವ ಗದ್ದೆಯ ಬದುವಿಗೆ, ಹೊಳೆಯ ದಡಕ್ಕೆ ಅದನ್ನು ಎಸೆಯಬಾರದು.

ನಮ್ಮ ಪೇಟೆಗಳ ರಿಪೇರಿ ಹುಡುಗರ ಬಗ್ಗೆಯೂ ಒಂದು ಮಾತು. ಸಣ್ಣ ಅಂಗಡಿ, ಒಂದು ಬಲ್ಬು, ಒಂದು ಭೂತಗನ್ನಡಿ ಇಟ್ಟುಕೊಂಡು, ಇನ್ನೊಬ್ಬರು ಎಸೆಯಿರಿ ಎಂದದ್ದನ್ನು ಎಬ್ಬಿಸಿ ಕೊಡುವ ಹುಡುಗರು ಕುಂದಾಪುರದಲ್ಲೂ ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಇದ್ದಾರೆ. ಅವರು ಗಂಟೆಗಟ್ಟಲೆ ಹುಡುಕಿ ಕೊನೆಗೆ ಪಟ್ಟಿಯನ್ನೊಮ್ಮೆ ಒರೆಸಿ ಸರಿಮಾಡಿದರೆ, “ಅಷ್ಟೇಯಾ? ಅದಕ್ಕೆ ದುಡ್ಡಾ?” ಎಂದು ಕೇಳಬೇಡಿ. ದುಡ್ಡು ಆ ಹುಡುಕಾಟಕ್ಕೆ ಕೊಡುವುದು. ನಿಮ್ಮ ಎದುರೇ ಬಿಚ್ಚಲು ಕೇಳಿ, ಹಳೆಯ ಪಟ್ಟಿಯನ್ನು ಮರಳಿ ಕೇಳಿ ಪಡೆಯಿರಿ, ಬಿಲ್ಲು ತೆಗೆದುಕೊಳ್ಳಿ, ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ.

ಇನ್ನು ಮುಂದೆ ಯಾರ ಮನೆಯಲ್ಲಾದರೂ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಾದರೆ ಹೊಸ ಲ್ಯಾಪ್‌ಟಾಪಿಗೆ ಸಾಲ ಕೇಳಲು ಹೊರಡಬೇಡಿ. ಹಳೆಯ ಪಟ್ಟಿಯನ್ನು ಹಾಕಿ ನೋಡಿ, ಚೀಟಿ ಓದಿ, ಹಲ್ಲು ಒರೆಸಿ, ಒಂದಿಷ್ಟು ಹೊತ್ತು ಕಾಯಿರಿ. ಆಮೇಲೂ ಏಳದಿದ್ದರೆ ಪಕ್ಕದ ಮನೆಯಲ್ಲಿ ತಿಳಿದವರಿದ್ದಾರೋ ಎಂದು ಕೇಳಿ. ನಿಮಗೇ ತಿಳಿದಿದ್ದರೆ, ಕೇಳಿ ಬಂದವರಿಗೆ ಕೂತು ಹೇಳಿಕೊಡಿ.